ಮಡಿಕೆ ಎಲ್ಲಿ ಬೀಳಬೇಕು? ಪಯಣದ ಶರ್ಟಿಗೆ ಕೆಲವು ಸೂತ್ರಗಳು

ರಾತ್ರಿ ಬೀದರಿನಲ್ಲೋ ಬಾಗಲಕೋಟೆಯಲ್ಲೋ ಬಸ್ಸು ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಹತ್ತು ಗಂಟೆಗೆ ಸಂದರ್ಶನಕ್ಕೆ ಕೂರುವವರು ಎಷ್ಟೋ ಮಂದಿ. ಯುಪಿಎಸ್‌ಸಿ ಸಂದರ್ಶನಕ್ಕೆಂದು ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ದೆಹಲಿ ಮುಟ್ಟುವಷ್ಟರಲ್ಲಿ ಎರಡು ರಾತ್ರಿ ರೈಲಿನಲ್ಲೇ ಕಳೆದಿರುತ್ತವೆ. ವರ್ಷಗಟ್ಟಲೆ ಓದಿ ಅಲ್ಲಿವರೆಗೆ ಬಂದವರು ಬಾಗಿಲ ಮುಂದೆ ಮುದುಡಿದ ಕಾಲರನ್ನು ಒತ್ತಿಕೊಳ್ಳುತ್ತ ನಿಲ್ಲುವಂತಾಗಬಾರದು. ಬಟ್ಟೆ ನೋಡಿ ಯಾರ ಯೋಗ್ಯತೆಯನ್ನೂ ಅಳೆಯಲಾಗದು. ಆದರೆ ಅಂಗಿಯ ಚಿಂತೆ ಇಲ್ಲದವರ ಮನಸ್ಸು ಪೂರ್ತಿಯಾಗಿ ಎದುರಿನ ಪ್ರಶ್ನೆಯ ಮೇಲಿರುತ್ತದೆ.

ಸೂಟ್‌ಕೇಸಿನೊಳಗೆ ಹೋದ ಶರ್ಟಿಗೆ ಮಡಿಕೆ ಬಿದ್ದೇ ಬೀಳುತ್ತದೆ. ಅದು ಎಲ್ಲಿ ಬೀಳಬೇಕೆಂಬುದನ್ನು ಮಾತ್ರ ನೀವು ಗೊತ್ತುಮಾಡಬಹುದು. ಎದುರು ಕೂತವರಿಗೆ ಕಾಣುವುದು ಕಾಲರು, ಎದೆ, ಮುಂಗೈ. ಪಕ್ಕೆ ಮತ್ತು ಬೆಲ್ಟಿನ ಕೆಳಗಿನ ಭಾಗದ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಮುಂದಿನ ಸೂತ್ರಗಳೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿವೆ.

1. ಬೀರು ತೆಗೆದಾಗಲೇ ಯೋಚಿಸಿ.
ಅಪ್ಪಟ ಲಿನನ್ ನೋಡಲು ಚೆಂದ, ಮುದುಡುವುದರಲ್ಲೂ ಮುಂದು. ತೆಳ್ಳನೆಯ ಬಿಳಿ ಪಾಪ್ಲಿನ್ ಸಣ್ಣ ಗೆರೆಯನ್ನೂ ಎತ್ತಿ ತೋರಿಸುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ, ಸ್ವಲ್ಪ ದಪ್ಪ ನೇಯ್ಗೆಯ ಆಕ್ಸ್‌ಫರ್ಡ್ ಬಟ್ಟೆ, ಸಣ್ಣ ಚೌಕಳಿ ಅಥವಾ ಸಣ್ಣ ಗೀಟಿನ ಬಟ್ಟೆ ಪಯಣಕ್ಕೆ ಒಳ್ಳೆಯವು. ಸಂದರ್ಶನಕ್ಕೆ ಬಿಳಿಯೇ ಬೇಕೆಂದಿದ್ದರೆ ಬೆರಕೆ ನೂಲಿನ ಬಿಳಿ ಶರ್ಟು ಆರಿಸಿಕೊಳ್ಳಿ.

ಕೆಲವು ಹತ್ತಿ ಶರ್ಟುಗಳ ಮೇಲೆ ಸುಕ್ಕು ನಿರೋಧಕ ಎಂದು ಬರೆದಿರುತ್ತದೆ. ಅದು ಬರೀ ಜಾಹೀರಾತಿನ ಮಾತಲ್ಲ. 1950ರ ದಶಕದಿಂದ ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ ದುಡಿದ ರಸಾಯನ ವಿಜ್ಞಾನಿ ರೂತ್ ಬೆನೆರಿಟೊ ಹತ್ತಿಯ ಎಳೆಗಳೊಳಗಿನ ಸರಪಳಿಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಬೆಸೆಯುವ ವಿಧಾನಗಳನ್ನು ಬೆಳೆಸಿದರು. ಬೆಸುಗೆ ಬಿದ್ದ ಸರಪಳಿಗಳು ಜಾರುವುದಿಲ್ಲ, ಹಾಗಾಗಿ ಬಟ್ಟೆ ಸುಲಭವಾಗಿ ಸುಕ್ಕುಗಟ್ಟುವುದಿಲ್ಲ. ಮೇಲಿಂದ ಮೇಲೆ ಪಯಣ ಮಾಡುವವರು ಇಂಥ ಶರ್ಟು ಒಂದನ್ನು ಇಟ್ಟುಕೊಂಡರೆ ಹಾಕಿದ ದುಡ್ಡು ದಂಡವಾಗದು.

2. ಲೇಬಲ್ ನೋಡಿ ಇಸ್ತ್ರಿ ಮಾಡಿ.
ಶರ್ಟಿನ ಒಳಗಿನ ಲೇಬಲ್‌ನಲ್ಲಿ ಇಸ್ತ್ರಿ ಪೆಟ್ಟಿಗೆಯ ಚಿತ್ರವಿದ್ದು ಅದರೊಳಗೆ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿಗೆ ಗರಿಷ್ಠ ಸುಮಾರು 110, ಎರಡಕ್ಕೆ 150, ಮೂರಕ್ಕೆ 200 ಡಿಗ್ರಿ ಸೆಲ್ಸಿಯಸ್. ಬೆರಕೆ ಬಟ್ಟೆಗೆ ಹತ್ತಿಯ ಬಿಸಿ ಕೊಟ್ಟರೆ ಮಿರುಗುವ ಕಲೆ ನಿಲ್ಲುತ್ತದೆ, ಮತ್ತೆ ಹೋಗುವುದಿಲ್ಲ. ಬೀದಿ ಕೊನೆಯ ಇಸ್ತ್ರಿ ಗಾಡಿಗೆ ಕೊಡುವವರು ಇದು ಬೆರಕೆ ಬಟ್ಟೆ ಎಂದು ಮೊದಲೇ ಹೇಳಿಬಿಡಿ. ಇದ್ದಿಲ ಪೆಟ್ಟಿಗೆಯಲ್ಲಿ ಉಷ್ಣತೆ ತಿರುಗಿಸುವ ಗುಂಡಿ ಇರುವುದಿಲ್ಲ, ಅವರ ಕೈಯ ಅಂದಾಜೇ ಎಲ್ಲ.

3. ಬಿಸಿ ಶರ್ಟನ್ನು ಮಡಚಲೇಬೇಡಿ.
ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು, ಜನ ಹೆಚ್ಚಾಗಿ ಕಡೆಗಣಿಸುವುದೂ ಇದನ್ನೇ. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಅದರ ಉದ್ದನೆಯ ಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿಟ್ಟಿರುತ್ತವೆ. ತೇವ ಒಳಹೊಕ್ಕಾಗ ಈ ಬಂಧಗಳು ಸಡಿಲುತ್ತವೆ, ಬಿಸಿ ಅದಕ್ಕೆ ಇಂಬು ಕೊಡುತ್ತದೆ. ಆರಿ ತಣ್ಣಗಾಗುವಾಗ ಬಟ್ಟೆ ಯಾವ ಆಕಾರದಲ್ಲಿರುತ್ತದೋ ಅದೇ ಆಕಾರದಲ್ಲಿ ಬಂಧಗಳು ಮತ್ತೆ ಬಿಗಿಯುತ್ತವೆ. ಇಸ್ತ್ರಿ ಪೆಟ್ಟಿಗೆ ಸುಕ್ಕು ತೆಗೆಯುವುದೂ ಹೀಗೆಯೇ, ಸೂಟ್‌ಕೇಸು ಸುಕ್ಕು ಹಾಕುವುದೂ ಹೀಗೆಯೇ. ಹಬೆಯಾಡುವ ಶರ್ಟನ್ನು ಮಡಚಿ ಒತ್ತಿಟ್ಟರೆ ಆ ಮಡಿಕೆಗೆ ನೀವೇ ಇಸ್ತ್ರಿ ಹಾಕಿದ ಹಾಗೆ.

ಇಸ್ತ್ರಿ ಮುಗಿದ ಕೂಡಲೇ ಹ್ಯಾಂಗರಿಗೆ ಹಾಕಿ ಅರ್ಧ ಗಂಟೆಯಾದರೂ ಬಿಡಿ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಇಷ್ಟು ಹೊತ್ತು ಸಾಲದು. ರಾತ್ರಿಯಿಡೀ ಫ್ಯಾನಿನ ಗಾಳಿಗೆ ಬಿಟ್ಟು ಬೆಳಿಗ್ಗೆ ಮಡಚಿ. ಹೊರಡುವ ಗಡಿಬಿಡಿಯಲ್ಲಿ ಇಸ್ತ್ರಿ ಹಾಕುವುದಕ್ಕಿಂತ ಹಿಂದಿನ ದಿನವೇ ಹಾಕಿಡುವುದು ಮೇಲು.

4. ಗಂಜಿ ಕಡಿಮೆ ಇರಲಿ.
ಗಂಜಿ ಹಾಕಿದ ಬಟ್ಟೆ ಮೈಮೇಲೆ ಗರಿಗರಿಯಾಗಿ ನಿಲ್ಲುತ್ತದೆ, ಆದರೆ ಮಡಚಿಟ್ಟಾಗ ಬಿದ್ದ ಗೆರೆಯನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಊರಿಗೆ ಒಯ್ಯುವ ಶರ್ಟಿಗೆ ಕಾಲರು, ಕಫ್‌ಗಳಿಗೆ ಮಾತ್ರ ತುಸು ಗಂಜಿ ಸಾಕು.

5. ಗುಂಡಿ: ಕಾಲರಿನದ್ದು ಮೊದಲು, ಆಮೇಲೆ ಒಂದು ಬಿಟ್ಟು ಒಂದು, ತುದಿಯದ್ದು ತಪ್ಪದೆ.
ಎಲ್ಲ ಗುಂಡಿ ಹಾಕಿದರೆ ಬಟ್ಟೆಗೆ ಸರಿದಾಡಲು ಜಾಗವಿರದು, ಒಂದೂ ಹಾಕದಿದ್ದರೆ ಮುಂಭಾಗದ ಎರಡು ಪದರಗಳು ಅತ್ತಿತ್ತ ಓಡುತ್ತವೆ. ಕಫ್‌ಗಳ ಗುಂಡಿ ಬಿಚ್ಚಿ ಚಪ್ಪಟೆಯಾಗಿಡಿ.

6. ಉದ್ದನೆಯ ಮಡಿಕೆ ಜೇಬಿನ ಆಚೆ ಬೀಳಲಿ.
ಚೊಕ್ಕಟವಾದ ಮಂಚದ ಮೇಲೆ ಶರ್ಟನ್ನು ಬೋರಲಾಗಿ ಹಾಸಿ. ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ. ಒಂದು ಪಕ್ಕವನ್ನು ಬೆನ್ನಿನ ಮೇಲೆ ತನ್ನಿ. ಮಡಿಕೆಯ ಗೆರೆ ಎದೆಯ ಜೇಬಿನ ಹೊರ ಅಂಚಿಗಿಂತ ಆಚೆ, ಕಂಕುಳಿನ ಹತ್ತಿರವಿರಬೇಕು. ತೋಳನ್ನು ಭುಜದ ಬಳಿ ಒಮ್ಮೆ ಓರೆಯಾಗಿ ತಿರುಗಿಸಿ ಬೆನ್ನಿನುದ್ದಕ್ಕೂ ನೇರವಾಗಿ ಮಲಗಿಸಿ. ತೋಳಿಗೆ ಅದೊಂದೇ ತಿರುವು ಸಾಕು. ಮೊಣಕೈ ಹತ್ತಿರ ಇನ್ನೊಮ್ಮೆ ಮಡಚಿದರೆ ಮುಂಗೈಯ ಮೇಲೆ ಗೆರೆ ಕಾಣುತ್ತದೆ. ಇನ್ನೊಂದು ಪಕ್ಕಕ್ಕೂ ಹೀಗೆಯೇ ಮಾಡಿ. ಆದಷ್ಟು ಅಗಲವಾಗಿಯೇ ಮಡಚಿ. ಅಗಲ ಕಡಿಮೆಯಾದಷ್ಟೂ ಮಡಿಕೆ ಎದೆಯ ನಡುವಿಗೆ ಸರಿದು ಬರುತ್ತದೆ.

7. ಅಡ್ಡ ಮಡಿಕೆ ಬೆಲ್ಟಿನ ಕೆಳಗೆ ಅಡಗಲಿ.
ಹೊಸ ಶರ್ಟು ತೊಟ್ಟವರ ಹೊಟ್ಟೆಯ ಮೇಲೆ ಅಡ್ಡ ಗೆರೆಗಳನ್ನು ನೀವು ನೋಡಿರುತ್ತೀರಿ. ಅಂಗಡಿಯ ಮಡಿಕೆ ಕಪಾಟಿನ ಅಳತೆಗೆ ಹೊಂದಿಸಿದ್ದು. ಪಯಣಕ್ಕೆ ಅದನ್ನೇ ಅನುಸರಿಸಬೇಕಿಲ್ಲ.

ಸಾಧಾರಣ ಗಾತ್ರದ ಶರ್ಟು ಕಾಲರಿನಿಂದ ಕೆಳಗಿನ ಅಂಚಿನವರೆಗೆ ಸುಮಾರು 75 ಸೆಂ.ಮೀ. ಇರುತ್ತದೆ. ಬೆಲ್ಟು ಬರುವುದು ಸುಮಾರು 50 ಸೆಂ.ಮೀ. ಹತ್ತಿರ. ಶರ್ಟು ತೊಟ್ಟು ಕನ್ನಡಿಯ ಮುಂದೆ ನಿಂತು ನಿಮ್ಮ ಬೆಲ್ಟು ಎಷ್ಟನೆಯ ಗುಂಡಿಯ ಬಳಿ ಬರುತ್ತದೆಂದು ಒಮ್ಮೆ ನೋಡಿಟ್ಟುಕೊಳ್ಳಿ. ಅದಕ್ಕಿಂತ ಎರಡು ಬೆರಳು ಕೆಳಗೆ ಶರ್ಟಿನ ಬಾಲವನ್ನು ಮೇಲಕ್ಕೆ ಮಡಚಿ. ಇನ್‌ಶರ್ಟ್ ಮಾಡಿದಾಗ ಆ ಗೆರೆ ಪ್ಯಾಂಟಿನೊಳಗೆ ಹೋಗುತ್ತದೆ.

ಈಗ ನಿಮ್ಮ ಪೆಟ್ಟಿಗೆಯ ಅಳತೆ ನೋಡಿ. ದೇಶದೊಳಗಿನ ವಿಮಾನಗಳಲ್ಲಿ ಕೈಯಲ್ಲಿ ಒಯ್ಯಲು ಸಾಮಾನ್ಯವಾಗಿ ಬಿಡುವುದು 55 ಸೆಂ.ಮೀ. ಎತ್ತರದ ಚೀಲವನ್ನು. ಒಳಗಿನ ಜಾಗ ಅದಕ್ಕಿಂತ ತುಸು ಕಡಿಮೆ. ಆ ಉದ್ದ ಸಾಲುವಂತಿದ್ದರೆ ಬಾಲ ಮಡಚಿದ ಶರ್ಟು ಅದರಲ್ಲಿ ಉದ್ದಕ್ಕೆ ಮಲಗುತ್ತದೆ, ಇನ್ನೊಂದು ಅಡ್ಡ ಮಡಿಕೆಯೇ ಬೇಕಾಗುವುದಿಲ್ಲ. ಇದೇ ಈ ಕ್ರಮದ ದೊಡ್ಡ ಲಾಭ. ಚಿಕ್ಕ ಬೆನ್ನಚೀಲವಾಗಿ ಎರಡನೆಯ ಮಡಿಕೆ ಅನಿವಾರ್ಯವಾದರೆ ಅಲ್ಲಿ ಒಂದು ಜೊತೆ ಬನಿಯನ್ನು ಸುರುಳಿ ಸುತ್ತಿ ಒಳಗಿಟ್ಟು ಅದರ ಮೇಲೆ ಬಗ್ಗಿಸಿ. ಬಟ್ಟೆ ದುಂಡಗೆ ತಿರುಗುತ್ತದೆ, ಚೂಪು ಗೆರೆ ಬೀಳದು.

8. ಕಾಲರನ್ನು ಒಳಗಿನಿಂದ ಕಾಯಿರಿ.
ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಶರ್ಟಿನ ಬೆನ್ನಿಗೊಂದು ರಟ್ಟು, ಕಾಲರಿನ ಒಳಸುತ್ತಿಗೆ ಪ್ಲಾಸ್ಟಿಕ್ ಪಟ್ಟಿ, ಕತ್ತಿನ ಗುಂಡಿಯ ಕೆಳಗೆ ಚಿಟ್ಟೆಯಾಕಾರದ ತುಂಡು, ನಡುವೆ ತೆಳು ಕಾಗದ. ಅವರ ಕೈಯಿಂದ ಹೊರಟ ಶರ್ಟು ಹಡಗಿನಲ್ಲಿ ಸಮುದ್ರ ದಾಟಿದರೂ ಕಾಲರು ಕೆಡುವುದಿಲ್ಲ. ಹೊಸ ಶರ್ಟು ತಂದಾಗ ಇವನ್ನೆಲ್ಲ ಕಸದ ಬುಟ್ಟಿಗೆ ಹಾಕುತ್ತೇವೆ. ಎತ್ತಿಡಿ, ಪ್ರತಿ ಪಯಣಕ್ಕೂ ಕೆಲಸಕ್ಕೆ ಬರುತ್ತವೆ. ಅವು ಇಲ್ಲದಿದ್ದರೆ ಒಗೆದ ಕಾಲುಚೀಲವನ್ನು ಸುರುಳಿ ಸುತ್ತಿ ಕಾಲರಿನ ಒಳಸುತ್ತಿಗೆ ಇಡಿ. ಬೆಲ್ಟು ಇಡಬಹುದೆಂದು ಕೆಲವರು ಹೇಳುತ್ತಾರೆ. ಚರ್ಮದ ಬಣ್ಣ ಬಿಳಿ ಕಾಲರಿಗೆ ಹತ್ತಬಹುದಾದ್ದರಿಂದ ನಾನು ಅದನ್ನು ಹೇಳಲಾರೆ. ಬೆಲ್ಟನ್ನು ಸೂಟ್‌ಕೇಸಿನ ಒಳ ಅಂಚಿನ ಸುತ್ತ ಓಡಿಸಿ.

9. ನಡುವೆ ಜಾರುವ ಪದರವೊಂದಿರಲಿ.
ಬಟ್ಟೆಗೆ ಬಟ್ಟೆ ತಾಗಿದರೆ ಹಿಡಿದುಕೊಳ್ಳುತ್ತದೆ, ಹಿಡಿದ ಜಾಗದಲ್ಲಿ ಸುಕ್ಕು ಹುಟ್ಟುತ್ತದೆ. ಡ್ರೈಕ್ಲೀನಿಂಗ್ ಅಂಗಡಿಯವರು ಕೊಡುವ ತೆಳು ಪ್ಲಾಸ್ಟಿಕ್ ಕವರಿನಲ್ಲಿ ಪ್ರತಿ ಶರ್ಟನ್ನೂ ಬೇರೆಬೇರೆಯಾಗಿ ಹಾಕಿದರೆ ಅವು ಒಂದರ ಮೇಲೊಂದು ಜಾರುತ್ತವೆ. ಪ್ಲಾಸ್ಟಿಕ್ ಬೇಡವೆನ್ನುವವರು ಹಳೆಯ ಮಲ್ ಪಂಚೆಯ ತುಂಡು ಬಳಸಬಹುದು, ತೊಳೆದು ತೊಳೆದು ನುಣುಪಾದ ಬಟ್ಟೆ ಅದು. ಹಳೆಯ ಪತ್ರಿಕೆಯ ಹಾಳೆ ಮಾತ್ರ ಬೇಡ, ಶಾಯಿ ಅಂಟುತ್ತದೆ. ಕವರಿಗೆ ಹೋಗುವ ಶರ್ಟು ಪೂರ್ತಿ ಒಣಗಿರಬೇಕು. ತೇವ ಉಳಿದರೆ ಮುಗ್ಗಲು ವಾಸನೆ, ಆಮೇಲೆ ಬೂಷ್ಟು.

10. ತಲೆಗೆ ಕಾಲು, ಕಾಲಿಗೆ ತಲೆ.
ಎರಡು ಶರ್ಟುಗಳಿದ್ದರೆ ಒಂದರ ಕಾಲರು ಇನ್ನೊಂದರ ಬಾಲದ ಕಡೆಗಿರಲಿ. ದಪ್ಪ ಸಮನಾಗುತ್ತದೆ, ಕಾಲರಿನ ಮೇಲೆ ಕಾಲರು ಒತ್ತುವುದಿಲ್ಲ. ಮೊದಲ ದಿನ ತೊಡುವ ಶರ್ಟು ಮೇಲುಗಡೆ ಇರಲಿ, ಅದರ ಕಾಲರು ಹಿಡಿಕೆಯ ಕಡೆಗಿರಲಿ.

11. ಭಾರ ಚಕ್ರದ ಬಳಿ, ಶರ್ಟು ಅದರಿಂದ ದೂರ.
ಟ್ರಾಲಿ ಪೆಟ್ಟಿಗೆಯನ್ನು ನಾವು ತುಂಬುವುದು ಮಲಗಿಸಿ, ಎಳೆಯುವುದು ನಿಲ್ಲಿಸಿ. ನಿಲ್ಲಿಸಿದ ಗಳಿಗೆಯಲ್ಲಿ ಒಳಗಿನದೆಲ್ಲ ಚಕ್ರದ ಕಡೆ ಕುಸಿಯುತ್ತದೆ. ಬೂಟು, ಪುಸ್ತಕ, ಚಾರ್ಜರು ಆ ತುದಿಗೇ ಇರಲಿ. ಅರ್ಧ ಖಾಲಿ ಪೆಟ್ಟಿಗೆ ತುಂಬಿದ ಪೆಟ್ಟಿಗೆಗಿಂತ ಹೆಚ್ಚು ಕಾಡುತ್ತದೆ. ಶರ್ಟು ಒಳಗೆ ಈಜಾಡಿ ಮೂಲೆಗೆ ಮುದ್ದೆಯಾಗುತ್ತದೆ. ಉಳಿದ ಜಾಗಕ್ಕೆ ಟವೆಲು, ಲುಂಗಿ, ಸ್ವೆಟರು ತುಂಬಿ, ಒಳಗಿನ ಪಟ್ಟಿಯನ್ನು ಹದವಾಗಿ ಬಿಗಿಯಿರಿ. ಮಂಡಿಯೂರಿ ಕೂತು ಜಿಪ್ ಎಳೆಯಬೇಕಾದರೆ ಸಾಮಾನು ಹೆಚ್ಚಾಗಿದೆ, ಒಂದೆರಡು ತೆಗೆಯಿರಿ. ಗಾಳಿ ಹೀರಿ ಚಪ್ಪಟೆ ಮಾಡುವ ಚೀಲಗಳು ಸ್ವೆಟರಿಗೆ ಸರಿ, ಶರ್ಟಿಗೆ ಸಲ್ಲ.

12. ಸುರುಳಿ ಸುತ್ತುವುದು ಟೀ ಶರ್ಟಿಗೆ.
ಫಾರ್ಮಲ್ ಶರ್ಟಿನ ಕಾಲರು, ಕಫ್, ಗುಂಡಿಪಟ್ಟಿ ಎಲ್ಲವೂ ಬೇರೆಬೇರೆ ದಪ್ಪ. ಸುತ್ತಿದಾಗ ಒಳಸುತ್ತಿನ ಬಟ್ಟೆ ಹೊರಸುತ್ತಿನದ್ದಕ್ಕಿಂತ ಗಿಡ್ಡ ದಾರಿಯಲ್ಲಿ ಸಾಗಬೇಕು, ಮಿಕ್ಕಿದ್ದು ನೆರಿಗೆಗಟ್ಟುತ್ತದೆ.

13. ಉಪ್ಪಿನಕಾಯಿ, ಎಣ್ಣೆ, ಪೆನ್ನು: ಮೂರೂ ಬೇರೆ ಚೀಲಕ್ಕೆ.
ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ಬಾಟಲಿಯನ್ನು ಬೇಡವೆನ್ನಬೇಡಿ, ಶರ್ಟಿನ ಜೊತೆಯೂ ಇಡಬೇಡಿ. ತೆಂಗಿನೆಣ್ಣೆ ಬಿಸಿಲಿಗೆ ಕರಗಿ ಸೋರುತ್ತದೆ. ಜೇಬಿನಲ್ಲಿ ಪೆನ್ನು ಉಳಿದಿದೆಯೇ ಎಂದು ಮಡಚುವ ಮೊದಲು ಮುಟ್ಟಿ ನೋಡಿ.

14. ಸಂದರ್ಶನದ ಶರ್ಟು ತೊಟ್ಟು ಬಸ್ಸು ಹತ್ತಬೇಡಿ.
ಒಂದು ರಾತ್ರಿಯ ಬೆವರು ಮತ್ತು ಮೈಬಿಸಿ ಸೇರಿದರೆ ಸುಕ್ಕು ಬೀಳಲು ಬೇಕಾದ್ದೆಲ್ಲ ಒದಗಿದಂತೆ. ಹಳೆಯ ಟೀ ಶರ್ಟಿನಲ್ಲಿ ಹೋಗಿ. ರೂಮು ಮಾಡುವಷ್ಟು ಅನುಕೂಲವಿಲ್ಲದಿದ್ದರೆ ದೊಡ್ಡ ರೈಲು ನಿಲ್ದಾಣಗಳ ವಿಶ್ರಾಂತಿ ಕೊಠಡಿಯನ್ನೋ ಡಾರ್ಮಿಟರಿಯ ಒಂದು ಹಾಸಿಗೆಯನ್ನೋ ಮುಂಚೆಯೇ ಕಾದಿರಿಸಿ. ಸ್ನಾನ ಮಾಡಿ ಅಲ್ಲೇ ಬಟ್ಟೆ ಬದಲಿಸಬಹುದು.

15. ಮುಟ್ಟಿದ ಕೂಡಲೇ ಬಿಚ್ಚಿ ನೇತುಹಾಕಿ.
ಕಾಫಿ ಆಮೇಲೆ. ಲಾಡ್ಜುಗಳಲ್ಲಿ ಮೊಳೆ ಇದ್ದರೂ ಹ್ಯಾಂಗರು ಇರುವ ಭರವಸೆ ಇಲ್ಲ, ಮನೆಯಿಂದಲೇ ತೆಳ್ಳನೆಯದೊಂದು ಒಯ್ಯಿರಿ. ಗೆರೆ ಉಳಿದಿದ್ದರೆ ಅಂಗೈ ಒದ್ದೆ ಮಾಡಿ ಅದರ ಮೇಲೆ ಸವರಿ, ಎರಡೂ ಕಡೆಯಿಂದ ಮೆಲ್ಲಗೆ ಎಳೆದು ಫ್ಯಾನಿನ ಕೆಳಗೆ ಬಿಡಿ. ಬಟ್ಟೆ ನೇರವಾಗಿರುವಾಗಲೇ ತೇವ ಆರುವುದರಿಂದ ಗೆರೆ ಬಹುಮಟ್ಟಿಗೆ ಮಾಯವಾಗುತ್ತದೆ. ಬಚ್ಚಲಿನಲ್ಲಿ ಬಿಸಿನೀರು ಧಾರಾಳವಾಗಿದ್ದರೆ ಬಾಗಿಲು ಮುಚ್ಚಿ ಸ್ನಾನ ಮಾಡುವಾಗ ಶರ್ಟನ್ನು ನೀರು ಸಿಡಿಯದ ಕಡೆ ನೇತುಹಾಕಿ. ಆ ಹಬೆಯೂ ಸಣ್ಣ ಸುಕ್ಕುಗಳನ್ನು ಬಿಡಿಸುತ್ತದೆ. ತೊಡುವ ಮುನ್ನ ಗಾಳಿಗೆ ಒಣಗಿಸುವುದು ಮರೆಯಬೇಡಿ. ಗುರುತಿಲ್ಲದ ಊರಿನಲ್ಲಿ ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಡಿ ಹುಡುಕಿದರಾಯಿತು ಎಂದು ನಂಬಿ ಕೂರಬೇಡಿ.

16. ವಾಪಸ್ ಬರುವಾಗ ತೊಟ್ಟ ಶರ್ಟು ಬೇರೆ ಚೀಲದಲ್ಲಿರಲಿ.
ಬೆವರು ಹೀರಿದ ಕಾಲರು ದಿನಗಟ್ಟಲೆ ಹಾಗೇ ಉಳಿದರೆ ಹಳದಿ ಗೆರೆ ಹಿಡಿಯುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಪೂರ್ತಿ ಬಿಡದು. ಮನೆ ಮುಟ್ಟಿದ ದಿನವೇ ನೆನೆಹಾಕಿ. ರಟ್ಟು, ಪ್ಲಾಸ್ಟಿಕ್ ಕವರು, ಹ್ಯಾಂಗರು ಮೂರನ್ನೂ ಪೆಟ್ಟಿಗೆಯೊಳಗೇ ಬಿಟ್ಟುಬಿಡಿ, ಮುಂದಿನ ಸಲ ಹುಡುಕುವ ಕೆಲಸವಿರುವುದಿಲ್ಲ.