ಉನ್ನತ ವ್ಯಾಸಂಗದಲ್ಲಿ ಬರವಣಿಗೆಯ ಸ್ಥಾನ

ಪದವಿ ವ್ಯಾಸಂಗಕ್ಕೆ ತೆರಳುವ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಕಥೆ ಕವನಗಳು ಸಾಹಿತ್ಯದ ವಿದ್ಯಾರ್ಥಿಗೆ, ಶಾಸ್ತ್ರನಿರೂಪಣೆ ವಿಜ್ಞಾನದ ವಿದ್ಯಾರ್ಥಿಗೆ, ಗಣಕಯಂತ್ರದ ಬರಹ ತಂತ್ರಜ್ಞನಿಗೆ ಎಂದು ಅವರು ಹಂಚಿಬಿಡುತ್ತಾರೆ. ಈ ಹಂಚಿಕೆ ನಮ್ಮ ಪರಂಪರೆಗೆ ಒಪ್ಪತಕ್ಕದ್ದಲ್ಲ. ಶರಣರು ಕಾಯಕದ ಮಾತನ್ನೇ ಅನುಭಾವದ ಮಾತಾಗಿಸಿದರು. ಅಂಬಿಗರ ಚೌಡಯ್ಯನಿಗೆ ದೋಣಿ ನುಡಿಯ ಹೊರಗಿನ ವಸ್ತುವಾಗಿರಲಿಲ್ಲ.

ನಮ್ಮ ಸುಳ್ಯಕ್ಕೆ ನೆರೆಯದಾದ ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಡಾ. ಶಿವರಾಮ ಕಾರಂತರನ್ನು ನೋಡಿರಿ. ‘ಮೂಕಜ್ಜಿಯ ಕನಸುಗಳು’ ಬರೆದ ಕೈಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆಯಿತು. ಅವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದವರು, ನಿಜ. ಆದರೆ ಎಲ್ಲರೂ ಕಾರಂತರಾಗಲಾರರಷ್ಟೆ. ಆದುದರಿಂದಲೇ ಉಳಿದವರಿಗೆ ಪಾಠಕ್ರಮವೊಂದು ಬೇಕಾಗುತ್ತದೆ.

ಅಂತಹ ಪಾಠಕ್ಕೆ ವಸ್ತುವನ್ನು ದೂರ ಹುಡುಕಬೇಕಾಗಿಲ್ಲ. ಅಡಕೆಯ ಕೊಳೆರೋಗವೇ ಸಾಕು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗವನ್ನು ಕುರಿತು ಬರೆದರು, ಆದರೆ ಇಂಗ್ಲಿಷಿನಲ್ಲಿ. ತೋಟದವನಿಗೆ ಬೇಕಾದುದು ಕನ್ನಡದ ಖಚಿತವಾದ ಮಾತು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಚೂರಿಯ ಅಲಗನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ‘ಸ್ವಲ್ಪ ಸುಣ್ಣ ಬೆರೆಸಿರಿ’ ಎಂದು ಬರೆದವನು ಓದುಗನ ವರ್ಷದ ಫಸಲನ್ನೇ ಪಣಕ್ಕೊಡ್ಡಿದಂತೆ. ಅದೇ ಮಳೆಯಲ್ಲಿ ಅಂಗಳಕ್ಕೆ ಉದುರಿದ ಎಳೆಗಾಯಿಗಳನ್ನು ಹೆಕ್ಕುವ ಮನೆಯೊಡತಿಯ ಮೌನವನ್ನು ಹೇಳಬೇಕಾದರೆ ಪ್ರಮಾಣಗಳು ಸಾಲವು. ಅಲ್ಲಿ ಕಥೆ ಬೇಕು. ಆದರೆ ಕಥೆಗಾರನಿಗೂ ಆ ಕಾಯಿಯ ಬಣ್ಣ, ವಾಸನೆ ಸರಿಯಾಗಿ ತಿಳಿದಿರಬೇಕು.

ಇನ್ನು ಗಣಕಯಂತ್ರದ ಬರಹ. ಇದು ಕೇವಲ ಬೆರಳಚ್ಚಿನ ವಿದ್ಯೆಯೆಂಬ ಭಾವನೆ ಅಧ್ಯಾಪಕರಲ್ಲೂ ಉಂಟು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಯಂತ್ರವು ಅಕ್ಷರಗಳ ಆಕಾರದ ತುಣುಕುಗಳನ್ನಷ್ಟೇ ಕಾಪಿಡುತ್ತಿತ್ತು. ಹಾಗೆ ಅಚ್ಚಾದ ಕೊಳೆರೋಗದ ಲೇಖನ ಇಂದು ಶೋಧಿಸುವವನ ಕೈಗೆ ಸಿಗದು. 1991ರಲ್ಲಿ ಕನ್ನಡಕ್ಕೂ ಸ್ಥಾನವಿತ್ತ ಯೂನಿಕೋಡ್ ವ್ಯವಸ್ಥೆಯಾದರೋ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಕೊನೆಯಲ್ಲಿ ಕಂಡರೂ, ಯಂತ್ರದ ನೆನಪಿನಲ್ಲಿ ಮೊದಲು ರಕಾರ, ಬಳಿಕ ಅದರ ಸ್ವರವನ್ನು ತೆಗೆಯುವ ಚಿಹ್ನೆ, ಆಮೇಲೆ ಯಕಾರ. ಈ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯೂ ಸ್ವರ, ವ್ಯಂಜನ, ಸಂಯುಕ್ತಾಕ್ಷರಗಳ ಈ ತರ್ಕವನ್ನೇ ಆಶ್ರಯಿಸಿದೆ. ಪ್ರೌಢಶಾಲೆಯಲ್ಲಿ ಬೇಸರದಿಂದ ಕಲಿತ ಅಕ್ಷರಪ್ರಕರಣ ಅಲ್ಲಿ ಪುನಃ ಎದುರಾಗುತ್ತದೆ!

1976ರಲ್ಲಿ ಸುಳ್ಯದಲ್ಲಿ ನೆಹರು ಸ್ಮಾರಕ ಮಹಾವಿದ್ಯಾಲಯ ಆರಂಭವಾದಂದಿನಿಂದ ಇಲ್ಲಿನ ಮಕ್ಕಳಿಗೆ ಪದವಿ ಶಿಕ್ಷಣ ಹತ್ತಿರವಾಗಿದೆ. ಹೋಗುವವರು ಈ ಮಳೆಗಾಲದಲ್ಲೇ ಒಂದು ಅಭ್ಯಾಸ ಮಾಡಿನೋಡಲಿ. ಮದ್ದು ಬಿಡುವ ದಿನ ತೋಟಕ್ಕೆ ಹೋಗಿ, ಕಂಡುದನ್ನು ಒಂದು ಪುಟ ಕಥೆಯಾಗಿ, ಒಂದು ಪುಟ ಕ್ರಮವಿವರಣೆಯಾಗಿ ಬರೆಯಲಿ. ಎರಡನ್ನೂ ಯೂನಿಕೋಡಿನಲ್ಲಿ ಅಚ್ಚುಮಾಡಿ, ಎರಡನೆಯದನ್ನು ಮದ್ದು ಬಿಟ್ಟವನಿಗೇ ಓದಿ ಹೇಳಲಿ. ಅವನು ಎಲ್ಲಿ ತಡೆದು ಪ್ರಶ್ನಿಸುವನೋ ಆ ವಾಕ್ಯವನ್ನು ತಿದ್ದಬೇಕು.