ನಿಂಬೆ ಟೊಂಗೆಯೊಳಗೆ ನೀರು ಏರುವುದನ್ನು ನೋಡಿರಿ

ಕನ್ನೊಳ್ಳಿ ಸುತ್ತಿನ ಎರೆಹೊಲಗಳಲ್ಲಾಗಲಿ, ಸಿಂದಗಿ–ಇಂಡಿ ಕಡೆಯ ನಿಂಬೆ ತೋಟಗಳಲ್ಲಾಗಲಿ ಬೇಸಿಗೆ ಬಂತೆಂದರೆ ಗಿಡಕ್ಕೆ ನೀರುಣಿಸುವುದೇ ಚಿಂತೆ. ಬುಡಕ್ಕೆ ಬಿಟ್ಟ ನೀರು ತುದಿಯ ಎಲೆ ಮುಟ್ಟುವ ದಾರಿಯನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. ಎರಡು ಗಾಜಿನ ಬಾಟಲಿ, ಚೂಪಾದ ಚಾಕು, ಮಿಠಾಯಿಗೆ ಹಾಕುವ ಕೆಂಪು ಬಣ್ಣ, ಸ್ವಲ್ಪ ಎಣ್ಣೆ ಇದ್ದರೆ ಸಾಕು. ಕುಂಕುಮ ಬೇಡ, ಅದು ನೀರಿನಲ್ಲಿ ಕರಗುವುದಿಲ್ಲ.

ಹಂತ 1: ಬೆಳಿಗ್ಗೆ ಪೆನ್ಸಿಲ್ ದಪ್ಪದ ಎರಡು ಟೊಂಗೆ ಕೊಯ್ದು ಕೂಡಲೇ ಬಕೆಟ್ ನೀರಿಗೆ ಹಾಕಿರಿ. ಬುಡವನ್ನು ನೀರಿನೊಳಗೇ ಇನ್ನೊಂದು ಇಂಚು ಕತ್ತರಿಸಿರಿ. ಇದನ್ನು ಬಿಡಲೇಬಾರದು. ಗಾಳಿಯಲ್ಲಿ ಕೊಯ್ದಾಗ ನಾಳದೊಳಗೆ ಗಾಳಿ ಹೊಕ್ಕು ನೀರಿನ ಎಳೆ ಕಡಿದಿರುತ್ತದೆ.

ಹಂತ 2: ಒಂದು ಟೊಂಗೆಯ ಎಲೆಗಳನ್ನೆಲ್ಲ ತೆಗೆಯಿರಿ. ಇನ್ನೊಂದರ ಎಲೆ ಹಾಗೇ ಇರಲಿ. ಆದರೆ ಅದರ ಬುಡದಿಂದ ಒಂದು ಗೇಣು ಮೇಲೆ, ಇಂಚು ಅಗಲಕ್ಕೆ ಸುತ್ತಲೂ ಸಿಪ್ಪೆ ಬಿಡಿಸಿರಿ. ಒಳಗಿನ ಜಾರುವ ಪದರನ್ನೂ ಕೆರೆದರೆ ಬಿಳಿ ಕಟ್ಟಿಗೆ ಕಾಣುತ್ತದೆ.

ಹಂತ 3: ಬಾಟಲಿಗಳಿಗೆ ಬಣ್ಣದ ನೀರು ಹಾಕಿ ಟೊಂಗೆ ಇಳಿಸಿರಿ. ಸಿಪ್ಪೆ ಬಿಡಿಸಿದ ಭಾಗ ನೀರಿನ ಮೇಲಿರಬೇಕು. ನೀರು ಆರದಂತೆ ಮೇಲೆ ತೆಳ್ಳಗೆ ಎಣ್ಣೆ ಬಿಟ್ಟು, ಮಟ್ಟಕ್ಕೆ ಗುರುತು ಹಾಕಿ, ಬೆಳಕು–ಗಾಳಿ ಆಡುವ ಕಡೆ ಇಡಿರಿ.

ಹಂತ 4: ಸಂಜೆ ನೋಡಿರಿ. ಎಲೆ ಇದ್ದ ಬಾಟಲಿಯಲ್ಲೇ ನೀರು ಹೆಚ್ಚು ಇಳಿದಿರುತ್ತದೆ. ಆ ಟೊಂಗೆಯನ್ನು ಉದ್ದಕ್ಕೆ ಸೀಳಿದರೆ ಕೆಂಪು ಗೆರೆಗಳು ಕಟ್ಟಿಗೆಯಲ್ಲಿ ಕಾಣುತ್ತವೆ. ಸಿಪ್ಪೆ ಇಲ್ಲದ ಜಾಗವನ್ನೂ ದಾಟಿ ಬಣ್ಣ ಮೇಲೇರಿರುತ್ತದೆ.

ಆ ಗೆರೆಗಳೇ ಕ್ಸೈಲಂ. ನೀರು ಒಯ್ಯುವ ಅದರ ನಾಳಗಳು ಸತ್ತ ಕೋಶಗಳು, ಅಲ್ಲಿ ಯಾವ ಪಂಪೂ ಇಲ್ಲ. ಎಲೆಯ ರಂಧ್ರಗಳಿಂದ ನೀರು ಆವಿಯಾದಂತೆಲ್ಲ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳು ಕೆಳಗಿನಿಂದ ಮೇಲಕ್ಕೆ ಎಳೆಯಲ್ಪಡುತ್ತವೆ. ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟ ವಿವರಣೆಯಿದು. ಜೀವಂತ ಕೋಶಗಳೇ ಮಿಡಿದು ನೀರೆತ್ತುತ್ತವೆ ಎಂದು ಜಗದೀಶಚಂದ್ರ ಬೋಸರು 1923ರ ಪುಸ್ತಕದಲ್ಲಿ ವಾದಿಸಿದರು, ಆದರೆ ವಿಜ್ಞಾನಲೋಕ ಡಿಕ್ಸನ್ ದಾರಿಯನ್ನೇ ಹಿಡಿಯಿತು.

ಸಿಪ್ಪೆ ಹೋದರೂ ಎಲೆ ಬಾಡಲಿಲ್ಲವೆಂದು ತೋಟದ ಗಿಡದ ಮೇಲೆ ಇದನ್ನು ಮಾಡಬೇಡಿರಿ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಸಿಪ್ಪೆಯ ಒಳಪದರದಲ್ಲಿ. ಸುತ್ತಲೂ ಸಿಪ್ಪೆ ಕಿತ್ತ ಗಿಡದ ಬೇರು ನಿಧಾನವಾಗಿ ಉಪವಾಸ ಬಿದ್ದು ಸಾಯುತ್ತದೆ. ಹೀಗೆ ಸಿಪ್ಪೆ ಕಿತ್ತುಹೋಗದಂತೆ ಗಿಡದ ಬುಡಕ್ಕೆ ಕುಂಟೆ ತಾಗಿಸಬೇಡಿರಿ, ದನ ಕಟ್ಟಬೇಡಿರಿ. ನೀರು ಹೀರುವ ಎಳೆಬೇರುಗಳು ಹೆಚ್ಚಾಗಿ ಇರುವುದು ಕಾಂಡದಿಂದ ದೂರ. ಆದ್ದರಿಂದ ಕಾಂಡಕ್ಕೆ ನೀರು ನಿಲ್ಲಿಸದೆ ಟೊಂಗೆಗಳ ಹರವಿನ ಅಂಚಿಗೆ ಪಾತಿ ಮಾಡಿ ಬಿಡಿರಿ, ಮೇಲೆ ತೊಗರಿ ಹೊಟ್ಟು ಹಾಸಿರಿ.