ಮಾತು ಕಡಿಮೆಯಾದರೆ ಅದು ಕಾಯಿಲೆಯೇ?

ಅಜ್ಜಂಪುರದ ಕಡೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಕಾಲೇಜಿನಲ್ಲಿ ಯಾರೋ ಬಂದು ವ್ಯಕ್ತಿತ್ವ ಪರೀಕ್ಷೆ ಎಂದು ಅರವತ್ತು ಪ್ರಶ್ನೆಗಳನ್ನು ಕೊಟ್ಟರಂತೆ. ಫಲಿತಾಂಶದಲ್ಲಿ ‘ಇಂಟ್ರೋವರ್ಟ್’ ಎಂದು ಬಂದಿದೆ. ಅಂದಿನಿಂದ ಆತ ಆ ಕಾಗದವನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಸೋದರಮಾವನ ಮಗಳ ಮದುವೆಗೆ ಕರೆದರೆ, ‘ನಾನು ಇಂಟ್ರೋವರ್ಟ್, ನನಗೆ ಆಗೋಲ್ಲ’ ಎಂದು ಬಾಗಿಲು ಹಾಕಿಕೊಂಡನಂತೆ. ‘ಇದಕ್ಕೆ ಏನಾದರೂ ಟಾನಿಕ್ ಇದೆಯೇ ಡಾಕ್ಟ್ರೇ?’ ಎಂಬುದು ಆ ತಾಯಿಯ ಪ್ರಶ್ನೆ.

ಅದೇ ವಾರ ತರೀಕೆರೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ದವಾಖಾನೆಗೇ ಬಂದಿದ್ದರು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ‘ಹುಡುಗಿ ಬಾಯೇ ಬಿಡಲಿಲ್ಲ, ಏನೋ ತೊಂದರೆ ಇರಬೇಕು’ ಎಂದು ಹೇಳಿ ಕಳಿಸಿದರಂತೆ. ಮಗಳಿಗೆ ಏನೂ ತೊಂದರೆ ಇಲ್ಲ ಎಂದು ಸರ್ಟಿಫಿಕೇಟ್ ಬರೆದುಕೊಡಬೇಕೆಂದು ಅವರು ಕೇಳಿದರು. ಸರ್ಟಿಫಿಕೇಟ್ ನಾನು ಕೊಡಲಿಲ್ಲ. ಇಲ್ಲದ ಕಾಯಿಲೆ ಇಲ್ಲವೆಂದು ಬರೆದುಕೊಟ್ಟರೆ, ಏನೋ ಇತ್ತು ಎಂದು ನಾವೇ ಒಪ್ಪಿಕೊಂಡ ಹಾಗೆ.

ಎರಡೂ ಮನೆಯವರ ಗೊಂದಲ ಒಂದೇ. ಆದ್ದರಿಂದ ಈ ವಾರ ಸ್ವಲ್ಪ ವಿವರವಾಗಿಯೇ ನೋಡೋಣ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಪ್ರಚಾರಕ್ಕೆ ತಂದವರು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. 1921ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಇದರ ವಿವರಣೆ ಇದೆ. ಇದೇ ಯೂಂಗ್ 1937-38ರಲ್ಲಿ ಭಾರತಕ್ಕೆ ಬಂದಿದ್ದರು. ಮೈಸೂರಿನಲ್ಲಿ ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರ ಅತಿಥಿಯಾಗಿ ಕೆಲಕಾಲ ಇದ್ದರು. ಯೂಂಗ್ ಹೇಳಿದ್ದರ ತಿರುಳು ಇಷ್ಟು: ಕೆಲವರ ಮನಸ್ಸಿನ ಒಲವು ಒಳಗಿನ ವಿಚಾರ, ಕಲ್ಪನೆಗಳ ಕಡೆಗೆ, ಇನ್ನು ಕೆಲವರದು ಹೊರಗಿನ ಜನ, ವಸ್ತು, ಘಟನೆಗಳ ಕಡೆಗೆ. ನೂರಕ್ಕೆ ನೂರು ಅಂತರ್ಮುಖಿ ಅಥವಾ ನೂರಕ್ಕೆ ನೂರು ಬಹಿರ್ಮುಖಿ ಎಂಬ ಮನುಷ್ಯ ಇಲ್ಲವೆಂದೂ ಅವರೇ ಹೇಳಿದ್ದರು. ಅವರ ಹೆಸರಿನಲ್ಲಿ ಪರೀಕ್ಷೆ ನಡೆಸುವವರು ಈ ಎರಡನೆಯ ಮಾತನ್ನು ಮರೆತುಬಿಡುತ್ತಾರೆ.

ಮುಂದೆ ಇಂಗ್ಲೆಂಡಿನ ಐಸೆಂಕ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ಮೆದುಳಿನ ಕಾರಣ ಹುಡುಕಿದರು. ಅಂತರ್ಮುಖಿಯ ಮೆದುಳು ಮೊದಲೇ ಹೆಚ್ಚು ಎಚ್ಚರದ ಸ್ಥಿತಿಯಲ್ಲಿರುತ್ತದೆ, ಗದ್ದಲ ಸ್ವಲ್ಪವಾದರೂ ಅದಕ್ಕೆ ಸಾಕೆನಿಸುತ್ತದೆ. ಬಹಿರ್ಮುಖಿಗೆ ಅಷ್ಟು ಗದ್ದಲ ಸಾಲದು ಎಂಬುದು ಅವರ ವಾದ. ನಾಲಿಗೆಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು, ಯಾರಿಗೆ ಹೆಚ್ಚು ಜೊಲ್ಲು ಬರುತ್ತದೆ ಎಂದು ಅಳೆದ ಪ್ರಯೋಗಗಳೂ ನಡೆದಿವೆ. (ಮನೆಯಲ್ಲಿ ನಿಂಬೆಹಣ್ಣು ಹಿಂಡಿ ಯಾರೂ ಸಂಬಂಧ ನಿಶ್ಚಯಿಸಬೇಡಿ!) ಅವರ ವಾದವೆಲ್ಲವೂ ಸಾಬೀತಾಗಿಲ್ಲ. ಆದರೆ ಅವಳಿ ಮಕ್ಕಳ ಅಧ್ಯಯನಗಳಿಂದ ಒಂದು ವಿಷಯ ಗೊತ್ತಾಗಿದೆ. ಈ ಗುಣದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಅನುವಂಶೀಯತೆ ಕಾರಣ. ಹಾಗಾಗಿ ‘ಇವನು ಥೇಟ್ ಅವರ ತಾತನ ಹಾಗೆ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಪೂರಾ ಸುಳ್ಳಲ್ಲ.

ಇದನ್ನು ಎತ್ತರಕ್ಕೆ ಹೋಲಿಸಬಹುದು. ಊರಿನಲ್ಲಿ ತೀರ ಗಿಡ್ಡನೂ ಒಬ್ಬ, ತೀರ ಉದ್ದನೂ ಒಬ್ಬ ಇರುತ್ತಾರೆ. ಉಳಿದವರೆಲ್ಲ ನಡುವಿನವರು. ಮಾತಿನ ವಿಷಯವೂ ಹಾಗೆಯೇ.

ಪರೀಕ್ಷೆಗಳನ್ನು ಎಷ್ಟು ನಂಬಬಹುದು?

ಹದಿನಾರು ಬಗೆಯ ಮನುಷ್ಯರು ಎಂದು ವಿಂಗಡಿಸುವ, ನಾಲ್ಕು ಅಕ್ಷರಗಳ ಫಲಿತಾಂಶ ಕೊಡುವ ಪರೀಕ್ಷೆ ಈಗ ಬಹಳ ಜನಪ್ರಿಯ. ಮೊಬೈಲಿನಲ್ಲಿ ಅದರ ಅನುಕರಣೆಗಳು ಧಾರಾಳವಾಗಿವೆ. ಇದನ್ನು ರೂಪಿಸಿದವರು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರುತ್ತಿದ್ದವರಿಗೆ ಒಪ್ಪುವ ಉದ್ಯೋಗ ಹುಡುಕಿಕೊಡಬೇಕೆಂಬ ಉದ್ದೇಶ ಅವರದು. ಉದ್ದೇಶ ಒಳ್ಳೆಯದೇ. ಆದರೆ ಇಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ.

ಇದರ ದೋಷ ತಿಳಿಯಲು ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೇ ನೆನೆಯಿರಿ. ಹಿಂದೆಲ್ಲ 34 ಅಂಕ ಬಂದವನು ಫೇಲಾಗುತ್ತಿದ್ದ, 35 ಬಂದವನು ಪಾಸಾಗುತ್ತಿದ್ದ. ಇಬ್ಬರ ಬುದ್ಧಿಯಲ್ಲಿ ಎಷ್ಟು ವ್ಯತ್ಯಾಸ? ಹೆಚ್ಚಿನ ಜನ ನಡುವಿನಲ್ಲೇ ಇರುವಾಗ ಸರಿಯಾಗಿ ಮಧ್ಯದಲ್ಲೊಂದು ಗೆರೆ ಎಳೆದು, ಈಚೆಯವರು ಅಂತರ್ಮುಖಿ, ಆಚೆಯವರು ಬಹಿರ್ಮುಖಿ ಎಂದರೆ ಹೀಗೆಯೇ ಆಗುತ್ತದೆ. ಆದ್ದರಿಂದಲೇ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಬರೆದರೆ ಅನೇಕರ ನಾಲ್ಕು ಅಕ್ಷರಗಳಲ್ಲಿ ಒಂದಾದರೂ ಬದಲಾಗುತ್ತದೆ. ಇಂದಿನ ಸಂಶೋಧಕರು ‘ಬಗೆ’ಗಳನ್ನು ಬಿಟ್ಟು, ಐದು ಮುಖ್ಯ ಗುಣಗಳು ಯಾರಲ್ಲಿ ಎಷ್ಟೆಷ್ಟಿವೆ ಎಂದು ಅಳೆಯುವುದು ಇದಕ್ಕಾಗಿಯೇ.

‘ಆದರೆ ಫಲಿತಾಂಶ ನನಗೆ ಸರಿಯಾಗಿ ಹೊಂದಿತ್ತಲ್ಲ!’ ಎನ್ನುತ್ತೀರಿ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಪ್ರಾಧ್ಯಾಪಕರು ತಮ್ಮ 39 ವಿದ್ಯಾರ್ಥಿಗಳಿಗೆ ಇಂಥದೇ ಪರೀಕ್ಷೆ ಕೊಟ್ಟು, ವಾರದ ನಂತರ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವಿವರಣೆ ಹಂಚಿದರು. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಹೊರಬಿತ್ತು: ಎಲ್ಲರಿಗೂ ಕೊಟ್ಟದ್ದು ಒಂದೇ ಕಾಗದ! ಅದರ ಸಾಲುಗಳನ್ನು ಅವರು ಆರಿಸಿಕೊಂಡದ್ದು ಜ್ಯೋತಿಷ್ಯದ ಪುಸ್ತಕವೊಂದರಿಂದ. ನಮ್ಮ ಪತ್ರಿಕೆಗಳ ವಾರಭವಿಷ್ಯ ಹನ್ನೆರಡು ರಾಶಿಯವರಿಗೂ ಹೇಗೆ ಹೊಂದುತ್ತದೆ ಎಂಬುದನ್ನು ನಾನು ಇಲ್ಲಿ ಬರೆದರೆ ಸಂಪಾದಕರು ಒಪ್ಪುತ್ತಾರೋ ಇಲ್ಲವೋ.

ಇನ್ನು ಪ್ರಶ್ನೆಗಳ ಮಾತು. ‘ಪಾರ್ಟಿಯಲ್ಲಿ ಅಪರಿಚಿತರೊಂದಿಗೆ ಸುಲಭವಾಗಿ ಬೆರೆಯುತ್ತೀರಾ?’ ಎಂದು ಕೇಳಿರುತ್ತಾರೆ. ನಮ್ಮ ಹಳ್ಳಿಯ ಹುಡುಗ ಪಾರ್ಟಿ ಎಲ್ಲಿ ಕಂಡ? ‘ಇಲ್ಲ’ ಎಂದು ಗುರುತು ಹಾಕುತ್ತಾನೆ. ಅದೇ ಹುಡುಗ ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟಿಕೊಂಡು ಗೆಳೆಯರೊಂದಿಗೆ ರಾತ್ರಿಯಿಡೀ ಹಾಡುತ್ತಾ ಹೋಗಿರುತ್ತಾನೆ. ಅದನ್ನು ಕೇಳುವ ಪ್ರಶ್ನೆ ಅಲ್ಲಿಲ್ಲ. ಮನಸ್ಸನ್ನು ಅಳೆಯುವ ವಿದ್ಯೆ ನಮಗೇನೂ ಹೊಸದಲ್ಲ. ಲಂಡನ್ನಿನಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭಿಸಿದ್ದರು. ಆ ವಿದ್ಯೆ ಬಲ್ಲವರು ಬರೀ ಕಾಗದ ನೋಡಿ ತೀರ್ಪು ಕೊಡುವುದಿಲ್ಲ. ಎದುರಿಗೆ ಕೂರಿಸಿಕೊಂಡು ಮಾತನಾಡಿಸುತ್ತಾರೆ, ಮನೆಯವರನ್ನು ವಿಚಾರಿಸುತ್ತಾರೆ.

ನಾನು ಮಾಡಿದ ಒಂದು ತಪ್ಪು

ಅಂತರ್ಮುಖತೆ ಕಾಯಿಲೆಯಲ್ಲ, ಅದಕ್ಕೆ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಇಷ್ಟಕ್ಕೇ ಲೇಖನ ಮುಗಿಸಿದರೆ ನಾನು ನಿಮಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಸುಮಾರು ಹದಿನೈದು ವರ್ಷಗಳ ಹಿಂದೆ, ಕಡೂರಿನಲ್ಲಿ ನಾನು ಆಗ ತಾನೇ ದವಾಖಾನೆ ತೆರೆದಿದ್ದೆ. ತೆಂಗಿನ ತೋಟದ ರೈತರೊಬ್ಬರು ಎಂಟನೆಯ ತರಗತಿಯ ಮಗಳನ್ನು ಕರೆತಂದಿದ್ದರು. ಕರೆದರೆ ಉತ್ತರವಿಲ್ಲ, ತರಗತಿಯಲ್ಲಿ ಮೂಲೆ ಹಿಡಿದು ಕೂರುತ್ತಾಳೆ, ಗೆಳತಿಯರಿಲ್ಲ. ನಾನು ಎದೆ ನೋಡಿದೆ, ಹೊಟ್ಟೆ ನೋಡಿದೆ. ‘ಸ್ವಭಾವ ಅಷ್ಟೇ, ದೊಡ್ಡವಳಾದರೆ ಸರಿಹೋಗುತ್ತದೆ’ ಎಂದು ಕಳಿಸಿದೆ. ಎರಡು ವರ್ಷದ ಮೇಲೆ ಅವಳ ಶಿಕ್ಷಕಿಯೊಬ್ಬರಿಗೆ ಅನುಮಾನ ಬಂದು ಶಿವಮೊಗ್ಗಕ್ಕೆ ಕಳಿಸಿದಾಗ ಗೊತ್ತಾಯಿತು: ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ಎರಡೂ ಕಿವಿಯ ತಮಟೆಯಲ್ಲಿ ರಂಧ್ರವಾಗಿತ್ತು. ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ನಾನು ಕಿವಿಯೊಳಗೆ ಇಣುಕಿಯೇ ಇರಲಿಲ್ಲ. ಆ ಎರಡು ವರ್ಷದ ಪಾಠ ಅವಳಿಗೆ ನಷ್ಟವಾದದ್ದು ನನ್ನಿಂದ. ಈಗ ಮಾತಾಡದ ಮಗು ಬಂದರೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಕಿವಿ ನೋಡುವ ದೀಪವನ್ನು.

ಮೂರು ಸಂಗತಿಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅಂತರ್ಮುಖಿಗೆ ಒಬ್ಬನೇ ಇರುವುದು ಇಷ್ಟ. ಬೇಕಾದಾಗ ಜನರೊಂದಿಗೆ ಬೆರೆಯಬಲ್ಲ, ಆಮೇಲೆ ಸ್ವಲ್ಪ ಹೊತ್ತು ಏಕಾಂತ ಬೇಕು. (ದಿನಕ್ಕೆ ಎಂಬತ್ತು ರೋಗಿಗಳನ್ನು ಮಾತನಾಡಿಸುವ ನಾನೂ ಈ ಪಂಗಡದವನೇ. ದವಾಖಾನೆ ಮುಚ್ಚಿದ ಮೇಲೆ ಅರ್ಧ ಗಂಟೆ ನನ್ನನ್ನು ಯಾರೂ ಕೇಳಬಾರದು.) ಸಾಮಾಜಿಕ ಭಯವಿರುವವನ ಕಥೆ ಬೇರೆ. ಅವನಿಗೆ ಬೆರೆಯುವ ಆಸೆ ಇರುತ್ತದೆ, ಆದರೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಮೌಖಿಕ ಪರೀಕ್ಷೆಯ ದಿನ ವಾಂತಿಯಾಗುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಹಂತಹಂತವಾಗಿ ಭಯ ಬಿಡಿಸುವ ಮನೋಚಿಕಿತ್ಸೆ, ಕೆಲವರಿಗೆ ಮಾತ್ರ ಔಷಧಿ. ಮೂರನೆಯದು ಕಾಯಿಲೆಯಿಂದ ಮೌನವಾಗುವುದು. ಖಿನ್ನತೆ, ಥೈರಾಯ್ಡ್ ಕೊರತೆ, ರಕ್ತಹೀನತೆ, ವಯಸ್ಸಾದವರಲ್ಲಿ ಕಿವುಡು ಅಥವಾ ಮರೆವಿನ ರೋಗ, ಇವೆಲ್ಲ ಇದರಲ್ಲಿ ಸೇರುತ್ತವೆ. ಎರಡು ವರ್ಷದ ಮಗು ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಮಾತು ಬಾರದಿದ್ದರೆ, ಅದನ್ನು ಸ್ವಭಾವವೆಂದು ತಿಳಿಯದೆ ಕೂಡಲೇ ಮಕ್ಕಳ ತಜ್ಞರಿಗೆ ತೋರಿಸಬೇಕು.

ಮನೆಯವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಇವನು ಮೊದಲಿನಿಂದಲೂ ಹೀಗೆಯೇ, ಇತ್ತೀಚೆಗೆ ಹೀಗಾದನೇ? ಮೊದಲಿನಿಂದಲೂ ಕಡಿಮೆ ಮಾತಿನವನು, ಊಟ, ನಿದ್ರೆ, ಓದು, ಇಬ್ಬರು ಗೆಳೆಯರು ಎಲ್ಲ ಸರಿಯಾಗಿದ್ದರೆ ಅವನನ್ನು ಅವನ ಪಾಡಿಗೆ ಬಿಡಿ. ನೆಂಟರೆದುರು ಹಾಡು ಎಂದು ಪೀಡಿಸಬೇಡಿ. ‘ಗುಮ್ಮನ ಗುಸಕ’ ಎಂದು ಹಂಗಿಸಬೇಡಿ. ಮದುವೆ ಮನೆಯಲ್ಲಿ ಸುಮ್ಮನೆ ಕೂರಿಸುವ ಬದಲು ಪಂಕ್ತಿಯಲ್ಲಿ ಬಡಿಸುವ ಕೆಲಸ ಕೊಟ್ಟು ನೋಡಿ. ಕೈಗೆ ಕೆಲಸವಿದ್ದರೆ ಇಂಥವರ ಸಂಕೋಚ ಎಷ್ಟೋ ಕಡಿಮೆಯಾಗುತ್ತದೆ.

ಆದರೆ ನಗುತ್ತಿದ್ದವನು ಕೆಲವು ವಾರಗಳಲ್ಲಿ ಮಂಕಾದರೆ, ಇಷ್ಟದ ಆಟ-ಹವ್ಯಾಸ ಬಿಟ್ಟರೆ, ನಿದ್ರೆ-ಹಸಿವು ಕೆಟ್ಟರೆ, ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಕಾಯಬೇಡಿ. ಎರಡು ವಾರ ಹೀಗಿದ್ದರೆ ವೈದ್ಯರಿಗೆ ತೋರಿಸಿ. ಸಾವಿನ ಮಾತು ಬಂದರೆ ಅಂದೇ ತೋರಿಸಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಇನ್ನು ಅಜ್ಜಂಪುರದ ತಾಯಿಗೆ. ಅಮ್ಮಾ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಮೊದಲ ಸಲ ಗೋಡೆಗೆ ಅಂಟಿಸಿದ ಕಾಗದದ ಮಾತು ಓದಿ ನಗು ಬಂತು. ಎರಡನೆಯ ಸಲ ಕೊನೆಯ ಸಾಲು ಕಣ್ಣಿಗೆ ಬಿತ್ತು: ಹೋದ ವರ್ಷದವರೆಗೆ ದಿನಾ ಸಂಜೆ ವಾಲಿಬಾಲ್ ಆಡುತ್ತಿದ್ದವನು ಈಗ ಅಂಗಳಕ್ಕೂ ಇಳಿಯುವುದಿಲ್ಲ, ರಾತ್ರಿ ಮೂರರವರೆಗೆ ದೀಪ ಉರಿಯುತ್ತದೆ, ತಟ್ಟೆಯಲ್ಲಿ ಅನ್ನ ಬಿಡುತ್ತಾನೆ ಎಂದು ಬರೆದಿದ್ದೀರಿ. ಇದು ಆ ಅರವತ್ತು ಪ್ರಶ್ನೆಗಳಲ್ಲಿ ಸಿಗುವ ಉತ್ತರವಲ್ಲ. ಅವನ ಮೇಲೆ ಸಿಟ್ಟಾಗಬೇಡಿ, ಮದುವೆಗೆ ಬರಲಿಲ್ಲವೆಂದು ಮತ್ತೆ ಮತ್ತೆ ಎತ್ತಾಡಬೇಡಿ. ಪಕ್ಕದಲ್ಲಿ ಕೂತು ‘ಏನಪ್ಪಾ, ಮನಸ್ಸಿಗೆ ಬೇಜಾರಾಗಿದೆಯಾ?’ ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ. ಈ ವಾರವೇ ಅವನನ್ನು ಹತ್ತಿರದ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ನನ್ನಲ್ಲಿಗೇ ಬರುವುದಾದರೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಬನ್ನಿ, ಆಗ ಜನ ಕಡಿಮೆ. ಗೋಡೆಯ ಕಾಗದ ತರುವ ಅಗತ್ಯವಿಲ್ಲ.